ಠರಾವು ಪುಸ್ತಕದ ಕೆಂಪು ಗೀಟು

ಬ್ಯಾಡಗಿ ಪುರಸಭೆಯ ನಡಾವಳಿ ಬರೆಯುವವನು ನಾನು.
ಇಪ್ಪತ್ತೆರಡು ವರ್ಷದಿಂದ ಎತ್ತಿದ ಕೈ ಎಣಿಸುತ್ತ ಬಂದಿದ್ದೇನೆ.
ಮನಸ್ಸು ಎಣಿಸು ಅಂತ ಯಾರೂ ಹೇಳಿಲ್ಲ.

ಆ ವರ್ಷ ಮೀಸಲಾತಿ ಪಟ್ಟಿ ಬಂತು:
ಅಧ್ಯಕ್ಷ ಸ್ಥಾನ ಪರಿಶಿಷ್ಟ ಪಂಗಡದ ಮಹಿಳೆಗೆ.
ಇಪ್ಪತ್ಮೂರು ಮಂದಿಯಲ್ಲಿ ಅಂಥಾಕಿ ಒಬ್ಬಳೇ,
ಹೊನ್ನವ್ವ ಬಾರ್ಕಿ.
ಆಕೆಯ ಪಕ್ಷಕ್ಕೆ ಇದ್ದದ್ದು, ಆಕೆಯೂ ಸೇರಿ, ಏಳು ಕುರ್ಚಿ.
ಉಳಿದ ಹದಿನಾರು ಮಂದಿ ಎದುರಿಗೆ ಕೂತು ಚಪ್ಪಾಳೆ ತಟ್ಟಿದರು
ಒಲ್ಲದ ಮದುವೆಗೆ ಬಂದ ಬೀಗರ ಹಾಗೆ,
ಬೆರಳ ತುದಿಯಿಂದ.

ಕುರ್ಚಿ ಆಕೆಯದು. ಗಂಟೆ ಆಕೆಯದು.
ಜೀಪೂ ಆಕೆಯದೇ, ಡೀಸೆಲ್ ಇದ್ದ ದಿನ.
ಕೈಗಳು ಮಾತ್ರ ಮುರಿಗೆಪ್ಪ ಎಲಿಗಾರರವು.

ವಿಷಯ ಕ್ರಮಾಂಕ ಹನ್ನೊಂದು:
ಗೋದಾಮಿನ ಓಣಿಯಲ್ಲಿ
ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ
ಒಂದು ಪಾಯಖಾನೆ, ನಳದ ಸಮೇತ.
"ಸುಗ್ಗಿ ಮುಗದ ಮ್ಯಾಲ ಅಲ್ಲಿ ಯಾರು ಹೋಗ್ತಾರ್ರೀ?"
ಅಂದರು ಎಲಿಗಾರರು. ಹದಿನಾರು ಕೈ ಎದ್ದವು.
ನಾನು ಬರೆದೆ: ಬಹುಮತದಿಂದ ತಿರಸ್ಕರಿಸಲಾಯಿತು.

ಎರಡನೆಯ ಸಭೆ. ಅದೇ ವಿಷಯ, ಕ್ರಮಾಂಕ ನಾಲ್ಕು.
ಚಹಾ ಬರುವುದರೊಳಗೆ ಹದಿನಾರೂ ಮಂದಿ ಎದ್ದು ಹೋದರು.
ಕೋರಂ ಇಲ್ಲ.
ಜವಾನ ಬಸಲಿಂಗ ಹದಿನಾರು ಕಪ್ಪು ಚಹಾ
ಮರಳಿ ಕೆಟಲಿಗೆ ಸುರಿದ, ಒಂದು ಹನಿ ಚೆಲ್ಲದೆ.

ಮೂರನೆಯದು ಫೆಬ್ರವರಿಯಲ್ಲಿ,
ಪೇಟೆಗೆ ಚೀಲದ ಮೇಲೆ ಚೀಲ ಬಿದ್ದ ದಿನ.
ಗಾಳಿ ತಿರುಗಿ ಘಾಟು ಕಿಟಕಿಯಿಂದ ಒಳಗೆ ಬಂತು.
ಆಡಳಿತ ಪಕ್ಷ, ವಿರೋಧ ಪಕ್ಷ
(ಇಲ್ಲಿ ಯಾರು ಯಾವುದು, ನನಗೆ ಕಡೆತನಕ ತಿಳಿಯಲಿಲ್ಲ)
ಎಲ್ಲರೂ ಕೂಡಿ ಕೆಮ್ಮಿದರು.
ಆ ವರ್ಷ ಸರ್ವಾನುಮತದಿಂದ ಆದದ್ದು ಅದೊಂದೇ.

ಎಲ್ಲರೂ ಕಣ್ಣು ಉಜ್ಜಿಕೊಂಡರು. ಆಕೆ ಉಜ್ಜಲಿಲ್ಲ.
ಸೋತ ದಿನವೂ ಉಜ್ಜಿರಲಿಲ್ಲ, ನಾನು ಸೊಕ್ಕು ಅಂದುಕೊಂಡಿದ್ದೆ.
ಹದಿನೆಂಟು ವರ್ಷ ತೊಟ್ಟು ಬಿಡಿಸಿದ ಕೈ ಅದು,
ಕಣ್ಣಿನ ತನಕ ಹೋಗುವುದೇ ಇಲ್ಲ.
ನೀರು ಬಂದರೆ ತಾನೇ ಇಳಿದು ತಾನೇ ಆರಬೇಕು.

ಅವತ್ತು ಸಂಜೆ ಎಲಿಗಾರರ ಅಡತಿ ಅಂಗಡಿಗೆ ಹೋದಳು.
ಹಿಂದೆ ನಾನು, ಬಗಲಲ್ಲಿ ಪುಸ್ತಕ.
"ಸೂಚಕರು ನೀವ ಆಗ್ರಿ, ಯಜಮಾನ್ರ.
ಕಲ್ಲಿನ ಮ್ಯಾಲ ನಿಮ್ಮ ಹೆಸರ. ನಾ ಬರೇ ಗಂಟಿ ಬಾರಸ್ತೀನಿ."
"ಪಾಯಖಾನಿ ಕಲ್ಲಿನ ಮ್ಯಾಲ ನನ್ನ ಹೆಸರಾ?"
ನಕ್ಕರು. ಎಲೆಗೆ ಸುಣ್ಣ ಹಚ್ಚಿದರು. ಬಹಳ ಹೊತ್ತು ಹಚ್ಚಿದರು.
"ಮಹಿಳಾ ವಿಶ್ರಾಂತಿ ಗೃಹ ಅಂತ ಬರೀರಿ."
"ಹೆಸರು ಏನರ ಇರ್ಲಿ," ಅಂದಳು ಹೊನ್ನವ್ವ,
"ಬಾಗಲಕ್ಕ ಒಳಗಿಂದ ಚಿಲಕ ಇರ್ಲಿ."

ಸೂಚಕರ ಸಾಲಿನಲ್ಲಿ ಮೊದಲೇ ಬರೆದಿಟ್ಟಿದ್ದ ಆಕೆಯ ಹೆಸರು
ಕೆಂಪು ಶಾಯಿಯಿಂದ ಹೊಡೆದೆ, ಪಕ್ಕಕ್ಕೆ ಸಣ್ಣ ಸಹಿ ಹಾಕಿದೆ.
ಠರಾವು ಪಾಸಾಯಿತು.
ವಿರುದ್ಧ ಬಿದ್ದವು ಮೂರೇ ಕೈ,
ಮೂರೂ ಆಕೆಯ ಪಕ್ಷದವು.

ಮುಂದಿನ ಶ್ರಾವಣಕ್ಕೆ ಅವಿಶ್ವಾಸ. ಅದೂ ಪಾಸಾಯಿತು:
ಆ ಹದಿನಾರು, ಈ ಮೂರು.
ಮೀಸಲಾತಿ ಹಾಗೇ ಇತ್ತು, ಆ ಪಂಗಡದ ಇನ್ನೊಬ್ಬ ಹೆಂಗಸು ಇರಲಿಲ್ಲ,
ಕುರ್ಚಿ ಖಾಲಿ ಉಳಿಯಿತು.
ಆಕೆ ಗೋದಾಮಿಗೆ ಹೋದಳು.

ಆಡಿಟಿನವನು ಬಂದು ಗೀಟಿನ ಮೇಲೆ ಬೆರಳಿಟ್ಟ.
ಏನ್ರೀ ಇದು?
ತಿದ್ದುಪಡಿ, ಅಂದೆ.
ತಪ್ಪು ಏನಿತ್ತು?
ಕನ್ನಡಕ ಒರೆಸಿಕೊಂಡೆ.

ಆ ಓಣಿಯಲ್ಲಿ ಈಗಲೂ ಸೈಕಲ್ ಇಳಿದು ನಡೆಯುತ್ತೇನೆ.
ಎಲಿಗಾರರ ಹೆಸರಿನ ಕಲ್ಲಿಗೆ ಯಾರೋ ಸೆರಗು ಒಣಹಾಕಿದ್ದಾರೆ.
ಒಳಗಿಂದ, ಟಕ್ಕನೆ,
ಚಿಲಕ ಬೀಳುತ್ತದೆ.